ಬಾರದ ವಿಮಾನಕ್ಕೆ ಕಾದವರು

ಹೋದ ಸಲ ಅಪ್ಪ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಾಗ ಅವರಿಗೊಂದು ಜೊತೆ ನೈಕಿ ಶೂ ಕೊಡಿಸಿದ್ದೆ. ಬೇಡ ಬೇಡ ಅಂತಲೇ ಹಾಕಿಕೊಂಡರು. ಬೆಲೆಯ ಚೀಟಿಯನ್ನು ನಾನು ಮೊದಲೇ ಕಿತ್ತು ಬಿಸಾಕಿದ್ದೆ. ಇಲ್ಲದಿದ್ದರೆ ರೂಪಾಯಿಗೆ ಲೆಕ್ಕ ಹಾಕಿ ವಾಪಸ್ ಕೊಡಿಸುತ್ತಿದ್ದರು. ಆ ಶೂ ಹಾಕಿಕೊಂಡು ಮೊದಲು ಹೋಗಿದ್ದು ಕಯೋಟಿ ಹಿಲ್ಸ್‌ಗೆ. ಈ ಕಡೆ ಇರುವ ಕನ್ನಡದವರಿಗೆ ಆ ಜಾಗ ಗೊತ್ತೇ ಇರುತ್ತದೆ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗಲು ಹೇಳಿ ಮಾಡಿಸಿದ ಹಾಗಿದೆ. ಒಂದು ಕಡೆ ಕೊಲ್ಲಿಯ ನೀರು, ಇನ್ನೊಂದು ಕಡೆ ಜೌಗು ನೆಲ, ನಡುವೆ ಪುಟ್ಟ ಪುಟ್ಟ ಗುಡ್ಡಗಳು. ಬೇಸಿಗೆ ಬಂತೆಂದರೆ ಹುಲ್ಲೆಲ್ಲ ಒಣಗಿ ನಮ್ಮ ಚಿತ್ರದುರ್ಗದ ಕಡೆಯ ಗುಡ್ಡಗಳ ಬಣ್ಣಕ್ಕೆ ತಿರುಗುತ್ತದೆ.

ಅಲ್ಲೊಂದು ಕವಲಿನಲ್ಲಿ 'ನೈಕಿ ಟ್ರೇಲ್' ಅಂತ ಬರೆದ ಕಂಬ. ಅಪ್ಪ ಬೋರ್ಡ್ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು.

"ಇಲ್ಲೂ ದುಡ್ಡು ಕೊಟ್ಟು ಹೆಸರು ಹಾಕಿಸ್ಕೋತಾರಾ? ನಮ್ಮ ಮೆಟ್ರೋ ಸ್ಟೇಷನ್ ಥರ?"

ನಾನೂ ಹಾಗೇ ಅಂದುಕೊಂಡಿದ್ದೆ. ಎಂಟು ವರ್ಷದಿಂದ ಆ ಕಂಬದ ಮುಂದೆ ಓಡಾಡಿದ್ದೇನೆ, ಒಂದು ಸಲವೂ ಯಾಕೆ ಈ ಹೆಸರು ಅಂತ ಕೇಳಿಕೊಂಡಿರಲಿಲ್ಲ.

ಮನೆಗೆ ಬಂದು ಹುಡುಕಿದರೆ ಕಥೆಯೇ ಬೇರೆ. ಶೂ ಕಂಪನಿ ಆ ಹೆಸರಿಟ್ಟುಕೊಂಡಿದ್ದು 1971ರಲ್ಲಿ. ಗುಡ್ಡದ ನೈಕಿ ಅದಕ್ಕಿಂತ ಹಳೆಯದು. ಗ್ರೀಕರ ವಿಜಯದೇವತೆಯ ಹೆಸರನ್ನು ಅಮೆರಿಕದ ಸೈನ್ಯ ತನ್ನ ಒಂದು ಕ್ಷಿಪಣಿಗೆ ಇಟ್ಟಿತ್ತು. ವೈರಿ ವಿಮಾನವನ್ನು ಆಕಾಶದಲ್ಲೇ ಹೊಡೆದುರುಳಿಸುವ ಕ್ಷಿಪಣಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಹತ್ತು ಹನ್ನೆರಡು ಕಡೆ ಅದರ ನೆಲೆಗಳಿದ್ದವು, ಕಯೋಟಿ ಹಿಲ್ಸ್ ಅವುಗಳಲ್ಲಿ ಒಂದು. ನಾವು ಚುರುಮುರಿ ಕಟ್ಟಿಕೊಂಡು ಹೋಗುವ ಗುಡ್ಡ!

ಅಪ್ಪನಿಗೆ ಹೇಳಿದೆ. ಅವರ ಮುಖ ಒಂದು ಕ್ಷಣ ಬದಲಾಯಿತು. "ನೈಕಿನಾ? ಅಜಾಕ್ಸಾ, ಹರ್ಕ್ಯುಲಿಸಾ?" ಅಂದರು.

ಇಲ್ಲಿ ಅಪ್ಪನ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವರು ಜಾಲಹಳ್ಳಿಯ ಬಿಇಎಲ್‌ನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಬಹುಪಾಲು ರಾಡಾರ್ ವಿಭಾಗದಲ್ಲಿ. ಚಿಕ್ಕವರಿದ್ದಾಗ "ಫ್ಯಾಕ್ಟರಿಯಲ್ಲಿ ಏನು ಮಾಡ್ತೀರಪ್ಪಾ?" ಅಂತ ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಸೋಲ್ಡರಿಂಗ್." ಸ್ಕೂಲಲ್ಲಿ ಬೇರೆ ಮಕ್ಕಳು ನಮ್ಮಪ್ಪ ಬ್ಯಾಂಕು, ನಮ್ಮಪ್ಪ ಟೀಚರು ಅನ್ನುವಾಗ ನಾನು ನಮ್ಮಪ್ಪ ಸೋಲ್ಡರಿಂಗು ಅಂತಿದ್ದೆ. ರಿಟೈರ್ ಆಗಿ ಇಷ್ಟು ವರ್ಷವಾದರೂ ಅವರ ಬಾಯಿಂದ ಅದಕ್ಕಿಂತ ಜಾಸ್ತಿ ಬಂದಿರಲಿಲ್ಲ. ಈಗ ನೋಡಿದರೆ ಅಮೆರಿಕದ ಹಳೆಯ ಕ್ಷಿಪಣಿಗಳ ಹೆಸರು ಪಟಪಟ ಹೇಳುತ್ತಿದ್ದಾರೆ.

ಗೋಲ್ಡನ್ ಗೇಟ್ ಸೇತುವೆಯ ಆಚೆ, ಮರಿನ್ ಹೆಡ್‌ಲ್ಯಾಂಡ್ಸ್‌ನಲ್ಲಿ ಎಸ್‌ಎಫ್-88 ಎಂಬ ನೆಲೆಯನ್ನು ಹಾಗೇ ಉಳಿಸಿ, ರಿಪೇರಿ ಮಾಡಿ ಜನರಿಗೆ ತೋರಿಸುತ್ತಾರೆ. ಮುಂದಿನ ಶನಿವಾರ ಅಲ್ಲಿಗೇ ಹೊರಟೆವು.

ದಾರಿಯುದ್ದಕ್ಕೂ ಅಪ್ಪ ಹಿನ್ನೆಲೆ ಹೇಳಿದರು. ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೇ ವಿಮಾನ ಹೊಡೆಯುವ ಫಿರಂಗಿಗಳ ಕಾಲ ಮುಗಿಯುತ್ತಾ ಬಂದಿತ್ತು. ಗುಂಡು ಮೇಲೆ ಹೋಗಲು ಹತ್ತಾರು ಸೆಕೆಂಡು ಬೇಕು. ಅಷ್ಟರಲ್ಲಿ ಜೆಟ್ ವಿಮಾನ ಎಲ್ಲೋ ಹೋಗಿರುತ್ತದೆ. ಬಾಯಿಂದ ಹೊರಟ ಮಾತಿನ ಹಾಗೆ, ಬಾಯಿ ಬಿಟ್ಟ ಗುಂಡನ್ನೂ ತಿರುಗಿಸಲು ಬರುವುದಿಲ್ಲ. ಹಾರಿದ ಮೇಲೂ ದಾರಿ ತಿದ್ದಬಹುದಾದ ಏನಾದರೂ ಬೇಕಿತ್ತು. 1945ರಲ್ಲಿ ಬೆಲ್ ಲ್ಯಾಬ್ಸ್‌ಗೆ ಈ ಕೆಲಸ ಒಪ್ಪಿಸಿದರು. ಟೆಲಿಫೋನ್ ಕಂಪನಿಯ ಲ್ಯಾಬು! ಕ್ಷಿಪಣಿಯ ಮೈ ಮಾಡಿದ್ದು ವಿಮಾನದ ಕಂಪನಿ ಡಗ್ಲಸ್.

ಅವಸರಕ್ಕೆ ಕಾರಣ ರಷ್ಯಾ. 1944ರಲ್ಲಿ ಅಮೆರಿಕದ ಮೂರು ಬಿ-29 ಬಾಂಬರ್‌ಗಳು ಜಪಾನ್ ಮತ್ತು ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯದ ಮೇಲೆ ದಾಳಿಗೆ ಹೋಗಿ, ವಾಪಸಾಗಲು ಆಗದೆ ವ್ಲಾಡಿವೋಸ್ಟಾಕ್ ಕಡೆ ಇಳಿದವು. ಸ್ಟಾಲಿನ್ ಅವನ್ನು ವಾಪಸ್ ಕೊಡಲಿಲ್ಲ. ಬಿಚ್ಚಿ, ಅಳೆದು, ಹಾಗೇ ನಕಲು ಮಾಡಿಸಿದ. ಅದೇ ಟಿಯು-4. 1949ರಲ್ಲಿ ರಷ್ಯಾ ಅಣುಬಾಂಬನ್ನೂ ಸಿಡಿಸಿತು. ಒಯ್ಯಲು ಗಾಡಿಯೂ ಸಿಕ್ಕಿತು, ಒಯ್ಯುವ ಸಾಮಾನೂ ಸಿಕ್ಕಿತು. ಮರುವರ್ಷ, 1950ರಲ್ಲಿ, ಅಮೆರಿಕದ ಭೂಸೇನೆ ನಗರಗಳ ಆಕಾಶ ಕಾಯಲೆಂದೇ ಒಂದು ಪಡೆ ಕಟ್ಟಿತು. 1957ರಲ್ಲಿ ಅದರ ಹೆಸರು ಆರ್ಮಿ ಏರ್ ಡಿಫೆನ್ಸ್ ಕಮಾಂಡ್ ಅಂತಾಯಿತು. ಚಿಕ್ಕದಾಗಿ ಆರಾಡ್‌ಕಾಮ್. ಈಗ ಅದಿಲ್ಲ. ಈ ಬರಹ ಆ ಇಲ್ಲದ ಪಡೆಯ ಬಗ್ಗೆ.

1951ರ ನವೆಂಬರ್‌ನಲ್ಲಿ, ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ನೈಕಿ ಮೊದಲ ಸಲ ಮನುಷ್ಯರಿಲ್ಲದ ಬಾಂಬರ್ ಒಂದನ್ನು ಆಕಾಶದಲ್ಲಿ ತಡೆಯಿತು. 1954ರಲ್ಲಿ ವಾಷಿಂಗ್ಟನ್ ಹತ್ತಿರದ ಫೋರ್ಟ್ ಮೀಡ್‌ನಲ್ಲಿ ಮೊದಲ ನೆಲೆ ಕೆಲಸಕ್ಕೆ ನಿಂತಿತು. "ನಮ್ಮ ಬಿಇಎಲ್ ಶುರುವಾಗಿದ್ದೂ ಅದೇ 54ರಲ್ಲಿ" ಅಂದರು ಅಪ್ಪ, ಅದೇನೋ ತಮ್ಮದೇ ಹುಟ್ಟಿದ ದಿನ ಅನ್ನುವ ಹಾಗೆ. ಮುಂದಿನ ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲಿಸ್, ಡೆಟ್ರಾಯಿಟ್ ಹೀಗೆ ದೊಡ್ಡ ಊರುಗಳ ಸುತ್ತೆಲ್ಲ ಇಂಥ ನೆಲೆಗಳು ಎದ್ದವು. ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು.

ಹೆಡ್‌ಲ್ಯಾಂಡ್ಸ್‌ಗೆ ಹೋಗುವ ದಾರಿಯಲ್ಲಿ ಒಂಟಿ ಸಾಲಿನ ಸುರಂಗವಿದೆ. ಒಂದು ಕಡೆಯವರು ಹೋಗಿ ಮುಗಿಯುವ ತನಕ ಇನ್ನೊಂದು ಕಡೆಯವರು ಐದು ನಿಮಿಷ ಕಾಯಬೇಕು. ಸುರಂಗ ದಾಟಿದರೆ ಬೇರೆ ಲೋಕ. ಊರಿನ ಸದ್ದಿಲ್ಲ. ಮಂಜು, ಗಾಳಿ, ಬೋಳು ಗುಡ್ಡ, ತುದಿಯಲ್ಲಿ ಸಮುದ್ರ. ಗುಡ್ಡಗಳ ಹೊಟ್ಟೆಯಲ್ಲಿ ಅಲ್ಲಲ್ಲಿ ಕಾಂಕ್ರೀಟು. ಕ್ಷಿಪಣಿಗೂ ಮುಂಚೆ ಇಲ್ಲಿ ಹಡಗು ಹೊಡೆಯುವ ಭಾರೀ ಫಿರಂಗಿಗಳಿದ್ದವು. 16 ಇಂಚಿನ ಬಾಯಿಯವು. ಅವೂ ಒಂದು ವೈರಿ ಹಡಗಿಗೂ ಗುಂಡು ಹಾರಿಸದೆ ಗುಜರಿಗೆ ಹೋದವು.

ಎಸ್‌ಎಫ್-88 ನೋಡಲು ಏನೂ ಅಲ್ಲ. ತಂತಿ ಬೇಲಿ, ಡಾಂಬರು ನೆಲ, ನೆಲಕ್ಕೆ ಕಬ್ಬಿಣದ ದೊಡ್ಡ ಬಾಗಿಲುಗಳು. ಮೊದಲು ರಾಡಾರ್ ನೋಡಿದೆವು. ಆಗೆಲ್ಲ ರಾಡಾರ್‌ಗಳು ಬೇರೆ ಗುಡ್ಡದ ತುದಿಯಲ್ಲಿ ಇರುತ್ತಿದ್ದವು, ಕ್ಷಿಪಣಿಗಳು ಕೆಳಗೆ ಇನ್ನೊಂದು ಕಡೆ. ಯಾಕೆ ಅಷ್ಟು ದೂರ ಅಂತ ಕೇಳಿದೆ. ಅಪ್ಪ ಗೈಡ್‌ಗಿಂತ ಮುಂಚೆ ಉತ್ತರ ಕೊಟ್ಟರು. ಕ್ಷಿಪಣಿ ನೆಟ್ಟಗೆ ಮೇಲೆ ಹಾರುತ್ತದೆ, ಅದೂ ಸಿಡಿದ ಹಾಗೆ. ರಾಡಾರ್ ಪಕ್ಕದಲ್ಲೇ ಇದ್ದರೆ ಅಷ್ಟು ಬೇಗ ಕತ್ತೆತ್ತಲು ಆಗುವುದಿಲ್ಲ. ಒಂದು ಕಿಲೋಮೀಟರಿನಷ್ಟು ದೂರ ಇದ್ದರೆ ಆರಾಮಾಗಿ ನೋಡಬಹುದು. "ತೇರು ನೋಡೋಕೆ ಚಕ್ರದ ಪಕ್ಕ ನಿಂತ್ಕೊಂಡ್ರೆ ಕಳಸ ಕಾಣತ್ತೇನಮ್ಮ?"

ಆಮೇಲೆ ಅಪ್ಪ ಇಡೀ ಯಂತ್ರವನ್ನು ನನಗೆ ಹೇಳಿದ ರೀತಿ ಇನ್ನೂ ತಲೆಯಲ್ಲಿದೆ. ಒಂದು ರಾಡಾರ್ ದೂರದಿಂದ ಯಾರು ಬರುತ್ತಿದ್ದಾರೆ ಅಂತ ಸುತ್ತ ನೋಡುತ್ತಿರುತ್ತದೆ. ಸಿಕ್ಕ ಮೇಲೆ ಇನ್ನೊಂದು ರಾಡಾರ್ ಆ ವಿಮಾನವನ್ನೇ ಹಿಡಿದುಕೊಳ್ಳುತ್ತದೆ. ಮೂರನೆಯದು ನಮ್ಮ ಕ್ಷಿಪಣಿಯ ಮೇಲೆ ಕಣ್ಣಿಟ್ಟಿರುತ್ತದೆ. "ಒಬ್ಬ ಕಳ್ಳನ್ನ ನೋಡ್ತಿರ್ತಾನೆ, ಇನ್ನೊಬ್ಬ ನಮ್ಮ ಪೊಲೀಸಿನವನನ್ನ ನೋಡ್ತಿರ್ತಾನೆ. ಮಧ್ಯ ಕೂತೋನು ಫೋನ್ ಹಿಡ್ಕೊಂಡು ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತಿರ್ತಾನೆ. ಹತ್ತಿರ ಬಂದ ತಕ್ಷಣ 'ಈಗ' ಅಂತಾನೆ. ಪೊಲೀಸಿನವನಿಗೆ ಕಣ್ಣೇ ಇಲ್ಲ. ಬುದ್ಧಿಯೆಲ್ಲ ನೆಲದ ಮೇಲೆ."

ಆ ಮಧ್ಯ ಕೂತವನು ಅಂದರೆ ಕಂಪ್ಯೂಟರ್. ನಾನು ದಿನಾ ಕೆಲಸ ಮಾಡುವ ಥರದ್ದಲ್ಲ. ಸೊನ್ನೆ ಒಂದರ ಲೆಕ್ಕವಿಲ್ಲ. ವಿಮಾನದ ದೂರ, ವೇಗ ಎಲ್ಲವೂ ಅದರೊಳಗೆ ವೋಲ್ಟೇಜ್ ಆಗಿ ಓಡಾಡುತ್ತವೆ. ಪುಟ್ಟ ಮೋಟಾರುಗಳು ತಿರುಗಿ ತಿರುಗಿ ಎರಡೂ ಎಲ್ಲಿ ಕೂಡುತ್ತವೆ ಅಂತ ಲೆಕ್ಕ ಹಾಕುತ್ತಲೇ ಇರುತ್ತವೆ. ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಸಾಲು ಸಾಲು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಮುಟ್ಟಬಾರದು ಅಂತ ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ಬಗ್ಗಿ ಬಗ್ಗಿ ನೋಡಿದರು. ಬಿಇಎಲ್‌ನಲ್ಲೂ ಒಂದು ಕಾಲದಲ್ಲಿ ವಾಲ್ವ್ ಮಾಡುತ್ತಿದ್ದರು. "ಬಿಸಿಯಾದ ಧೂಳಿನ ವಾಸನೆ ಬರ್ತಿತ್ತು. ಬೆಳಗ್ಗೆ ಆನ್ ಮಾಡಿದ ತಕ್ಷಣ" ಅಂದರು. ಮೂವತ್ತನಾಲ್ಕು ವರ್ಷದ ಸೋಲ್ಡರಿಂಗ್‌ನಲ್ಲಿ ನನಗೆ ಸಿಕ್ಕ ಮೊದಲ ವಿವರ ಅದು.

ಕಬ್ಬಿಣದ ಬಾಗಿಲು ತೆರೆದು ಲಿಫ್ಟ್ ಕೆಳಗಿಳಿಯಿತು. ಅದು ಈಗಲೂ ಕೆಲಸ ಮಾಡುತ್ತದೆ. ಆಯಿಲ್ ವಾಸನೆ, ನಿಧಾನ, ಗುರ್ ಎನ್ನುವ ಸದ್ದು. ಊರ ಪಕ್ಕ ಜಾಗದ ಬೆಲೆ ಜಾಸ್ತಿ, ಸುರಕ್ಷತೆಗೆ ಬಿಡಬೇಕಾದ ಖಾಲಿ ನೆಲವೂ ಜಾಸ್ತಿ. ನೆಲದೊಳಗೆ ಗೋದಾಮು ಮಾಡಿದರೆ ಕಡಿಮೆ ಎಕರೆ ಸಾಕು ಅನ್ನುವ ಲೆಕ್ಕ. ಕೆಳಗೆ ಬಿಳಿ ಬಣ್ಣದ ಹರ್ಕ್ಯುಲಿಸ್‌ಗಳು ಹಳಿಗಳ ಮೇಲೆ ಮಲಗಿದ್ದವು. ಒಂದೊಂದೂ ಹನ್ನೆರಡು ಮೀಟರ್ ಉದ್ದ, ಸುಮಾರು ಐದು ಟನ್ ತೂಕ. ಅದನ್ನು ಲಿಫ್ಟ್‌ವರೆಗೆ ಸೈನಿಕರು ಕೈಯಿಂದಲೇ ತಳ್ಳುತ್ತಿದ್ದರು.

ಮೊದಲ ನೈಕಿ ಅಜಾಕ್ಸ್ ಇನ್ನೂ ಕಷ್ಟದ್ದು. ಅದು ದ್ರವ ಇಂಧನದ್ದು. ಇಂಧನ ಉರಿಯಲು ಹೊಗೆಯಾಡುವ ನೈಟ್ರಿಕ್ ಆಮ್ಲ ಬೇಕು. ಚರ್ಮದ ಮೇಲೆ ಬಿದ್ದರೆ ಮಾಂಸವೇ ಸುಡುವಂಥದ್ದು. ಇಪ್ಪತ್ತು ವರ್ಷದ ಹುಡುಗರು ರಬ್ಬರ್ ಅಂಗಿ ಹಾಕಿಕೊಂಡು ಅದನ್ನು ತುಂಬುತ್ತಿದ್ದರು. ಅಜಾಕ್ಸ್‌ಗೆ ಇನ್ನೊಂದು ತೊಂದರೆಯೂ ಇತ್ತು. ಹೋಗುತ್ತಿದ್ದುದು 40 ಕಿಲೋಮೀಟರು. ಹಿಂಡಾಗಿ ವಿಮಾನ ಬಂದರೆ ಒಂದನ್ನು ಹೊಡೆಯುವಷ್ಟರಲ್ಲಿ ಉಳಿದವು ಊರ ಮೇಲೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಕೇಳಿದರೆ ಮೈ ಜುಂ ಅನ್ನುತ್ತದೆ. 1958ರಿಂದ ಬಂದ ಹರ್ಕ್ಯುಲಿಸ್ ನೂರು ಕಿಲೋಮೀಟರಿಗೂ ಆಚೆ ಹೋಗುತ್ತಿತ್ತು, ಅದರ ಮೂತಿಗೆ ಅಣುಬಾಂಬನ್ನೇ ಕೂರಿಸಬಹುದಿತ್ತು. ಒಂದನ್ನು ಹಿಂಡಿನ ಮಧ್ಯೆ ಸಿಡಿಸಿದರೆ ಇಡೀ ಹಿಂಡು ಹೋಗುತ್ತದೆ. ಅಂದರೆ ಅಣುಬಾಂಬಿನಿಂದ ಊರು ಉಳಿಸಲು ಊರಿನ ಆಕಾಶದ ಅಂಚಿನಲ್ಲಿ ನಮ್ಮದೇ ಅಣುಬಾಂಬು. ಯಾವ ನೆಲೆಯಲ್ಲಿ ಅದಿದೆ ಎಂಬುದನ್ನು ಸೈನ್ಯ ಹೌದು ಅಂತಲೂ ಹೇಳುತ್ತಿರಲಿಲ್ಲ, ಅಲ್ಲ ಅಂತಲೂ ಹೇಳುತ್ತಿರಲಿಲ್ಲ. ಒಳಗಿನ ಬೇಲಿಯೊಳಗೆ ಯಾರೂ ಒಬ್ಬರೇ ಹೋಗುವ ಹಾಗಿರಲಿಲ್ಲ, ಯಾವಾಗಲೂ ಇಬ್ಬರು. ರಾತ್ರಿ ಕಾವಲಿಗೆ ನಾಯಿಗಳು.

ಹೊರಗೆ ಬಂದಾಗ ಅಪ್ಪ ಕ್ಷಿಪಣಿಯ ಹಿಂಭಾಗದ ಬೂಸ್ಟರ್ ಮುಂದೆ ನಿಂತುಬಿಟ್ಟರು. ನೆಲದಿಂದ ಎತ್ತಿ ಎಸೆಯುವ ಭಾಗ ಅದು. ಕೆಲವೇ ಸೆಕೆಂಡು ಉರಿದು ಕಳಚಿ ಬೀಳುತ್ತದೆ. ಅದು ಯಾರ ಮನೆಯ ಮೇಲೆ ಬೀಳಬಹುದು ಅನ್ನುವ ಚಿಂತೆಯೂ ಆಗ ಊರುಗಳಲ್ಲಿತ್ತು. ಅಜಾಕ್ಸ್‌ಗೆ ಇಂಥದ್ದು ಒಂದು, ಹರ್ಕ್ಯುಲಿಸ್‌ಗೆ ನಾಲ್ಕನ್ನು ಕಟ್ಟಿದ್ದಾರೆ.

"ಇದನ್ನ ನಾವು ಹಾರಿಸಿದೀವಿ" ಅಂದರು.

ನನಗೆ ಅರ್ಥವಾಗಲಿಲ್ಲ.

"ತುಂಬಾ. ಅರವತ್ತಮೂರು."

ಕೇರಳದ ತುಂಬಾ. 1963ರ ನವೆಂಬರ್ 21. ಭಾರತದ ನೆಲದಿಂದ ಹಾರಿದ ಮೊದಲ ರಾಕೆಟ್ ನೈಕಿ-ಅಪಾಚೆ, ಅಮೆರಿಕದ ನಾಸಾ ಕೊಟ್ಟಿದ್ದು. ಸ್ಕೂಲಿನಲ್ಲಿ ಓದಿದ್ದೆ, ಹೆಸರು ಬಾಯಿಪಾಠವೂ ಆಗಿತ್ತು. ಆ ನೈಕಿ ಅಂದರೆ ಈ ನೈಕಿಯ ಬೂಸ್ಟರ್ ಅಂತ ಯಾವತ್ತೂ ಹೊಳೆದಿರಲಿಲ್ಲ. ಅಪಾಚೆ ಅನ್ನುವುದು ಮೇಲಿನ ಹಂತ. ಅಮೆರಿಕದವರು ಅಜಾಕ್ಸ್ ಕ್ಷಿಪಣಿಗಳನ್ನು ಹದಿಮೂರು ಸಾವಿರಕ್ಕೂ ಹೆಚ್ಚು ಮಾಡಿಸಿದ್ದರು. ಅವುಗಳ ಬೂಸ್ಟರ್ ಗಟ್ಟಿ, ನಂಬಿಕಸ್ಥ, ಬೇಕಾದಷ್ಟು ಸಿಗುತ್ತಿತ್ತು. ವಿಜ್ಞಾನಿಗಳು ಅದರ ತಲೆಯ ಮೇಲೆ ಬೇರೆ ಬೇರೆ ಸಣ್ಣ ರಾಕೆಟ್ ಕೂರಿಸಿ ಮೇಲಿನ ಗಾಳಿಯನ್ನು ಅಳೆಯಲು ಬಳಸಿದರು. ತುಂಬಾದಲ್ಲಿ ಮೀನುಗಾರರ ಹಳ್ಳಿಯ ಹಳೆಯ ಚರ್ಚೇ ಆಫೀಸಾಗಿತ್ತು. ಅಬ್ದುಲ್ ಕಲಾಂ ರಾಕೆಟ್ ಜೋಡಿಸುವ ತಂಡದಲ್ಲಿದ್ದರು. ಸಂಜೆ ಹೊತ್ತಿಗೆ ರಾಕೆಟ್ ಮೇಲೆ ಹೋಗಿ ಸೋಡಿಯಂ ಆವಿ ಬಿಟ್ಟಿತು, ಕೇರಳದ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಮೂಡಿತು.

ಅಪ್ಪನಿಗೆ ಆಗ ಹದಿಮೂರು ವರ್ಷ. ಪೇಪರಿನಲ್ಲಿ ಓದಿದ್ದರಂತೆ. ರೇಡಿಯೋ ರಿಪೇರಿ ಕಲಿಯಬೇಕು ಅನ್ನಿಸಿದ್ದು ಆಗಲೇ ಅಂತೆ. ಇದೂ ನನಗೆ ಹೊಸ ವಿಷಯ.

ಅಮೆರಿಕದ ಊರು ಕಾಯುತ್ತಿದ್ದ ನೈಕಿಗಳಿಗೆ ಆ ಭಾಗ್ಯವೂ ಬರಲಿಲ್ಲ. ಈ ದೇಶದ ಒಂದು ನೆಲೆಯಿಂದಲೂ ಒಂದು ವೈರಿ ವಿಮಾನಕ್ಕೂ ಒಂದು ನೈಕಿ ಹಾರಲಿಲ್ಲ. ಹಾರಿಸುವ ಅಭ್ಯಾಸವಿದ್ದಿದ್ದು ವರ್ಷಕ್ಕೊಮ್ಮೆ ನ್ಯೂ ಮೆಕ್ಸಿಕೋದ ಮರುಭೂಮಿಗೆ ಹೋದಾಗ. ಉಳಿದ ದಿನವೆಲ್ಲ ಕಾಯುವುದೇ ಕೆಲಸ. ನೆಲೆಗಳು ಸರದಿಯ ಮೇಲೆ ಸಿದ್ಧವಾಗಿರಬೇಕು. ಸರದಿ ಬಂದ ನೆಲೆ ಹದಿನೈದು ನಿಮಿಷದೊಳಗೆ ಹಾರಿಸಲು ತಯಾರಾಗಿರಬೇಕು. ಸೈರನ್ ಆದರೆ ಊಟ ಬಿಟ್ಟು ಓಡಬೇಕು. ಬಹಳಷ್ಟು ಸಲ ಅದು ಅಭ್ಯಾಸ. ಆದರೆ ಓಡುವಾಗ ಅಭ್ಯಾಸವೋ ನಿಜವೋ ಗೊತ್ತಾಗುವುದಿಲ್ಲ. ಆಮೇಲಾಮೇಲೆ ಹಲವು ನೆಲೆಗಳನ್ನು ಆಯಾ ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ಗೆ ಕೊಟ್ಟರು. ತಮ್ಮದೇ ಊರಿನ ಆಕಾಶವನ್ನು ತಾವೇ ಕಾಯುವ ಜನ.

ನನಗೂ ಆರು ವಾರಕ್ಕೊಮ್ಮೆ ಆನ್-ಕಾಲ್ ಡ್ಯೂಟಿ ಬರುತ್ತದೆ. ದಿಂಬಿನ ಪಕ್ಕ ಫೋನು, ಕೂಗಿದರೆ ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ. ಹೋಲಿಸಲೇಬಾರದು, ಗೊತ್ತು. ನಮ್ಮ ಸರ್ವರ್ ಬಿದ್ದರೆ ಯಾರಿಗೋ ಸಾಮಾನು ತಡವಾಗಿ ಸಿಗುತ್ತದೆ ಅಷ್ಟೇ. ಆದರೂ ಏನೂ ಆಗದ ವಾರದ ಕೊನೆಗೆ ಬರುವ ಆ ಸುಸ್ತು ನನಗೆ ಗೊತ್ತು. ಏನು ಮಾಡಿದೆ ಅಂತ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಅವರದು ಇಪ್ಪತ್ತು ವರ್ಷ ಹಾಗೆ.

ಏನೂ ಆಗಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 1958ರ ಮೇ 22ರಂದು ನ್ಯೂಜೆರ್ಸಿಯ ಮಿಡಲ್‌ಟೌನ್ ನೆಲೆಯಲ್ಲಿ ಅಜಾಕ್ಸ್‌ಗಳಿಗೆ ಹೊಸ ಭಾಗ ಜೋಡಿಸುತ್ತಿದ್ದಾಗ ಒಂದು ಸಿಡಿಯಿತು, ಅದರಿಂದ ಪಕ್ಕದವೂ ಸಿಡಿದವು. ಆರು ಸೈನಿಕರು, ನಾಲ್ವರು ಸಿವಿಲ್ ಕೆಲಸಗಾರರು, ಒಟ್ಟು ಹತ್ತು ಜನ ಸತ್ತರು. ನೈಕಿ ಪಡೆ ಕಂಡ ದೊಡ್ಡ ಸಾವು ಅದು. ವೈರಿಯಿಂದ ಅಲ್ಲ, ರಿಪೇರಿಯಿಂದ. ಅಪ್ಪ ಇದನ್ನು ಕೇಳಿ ಸುಮ್ಮನಾದರು. ಕಾರ್ಖಾನೆಯಲ್ಲಿ ಬದುಕು ಕಳೆದವರಿಗೆ ಅದು ಬೇರೆ ಥರ ತಟ್ಟುತ್ತದೆ ಅನ್ನಿಸಿತು.

1962ರ ಅಕ್ಟೋಬರ್, ಕ್ಯೂಬಾದಲ್ಲಿ ರಷ್ಯಾ ಅಣು ಕ್ಷಿಪಣಿ ತಂದಿಟ್ಟಿದ್ದಕ್ಕೆ ಎದ್ದ ಬಿಕ್ಕಟ್ಟು. ಆ ದಿನಗಳಲ್ಲಿ ಈ ಜನ ನಿಜವಾಗಿ ತಯಾರಾಗಿ ಕೂತಿದ್ದರು. ಫ್ಲೋರಿಡಾಕ್ಕೆ ಅವಸರದಲ್ಲಿ ಕ್ಷಿಪಣಿ ಪಡೆಗಳನ್ನು ಕಳಿಸಿದರು. ವಿಚಿತ್ರ ನೋಡಿ, ಅಕ್ಟೋಬರ್ 27ರಂದು ವಿಮಾನ ಹೊಡೆದಿದ್ದು ನೈಕಿಯಲ್ಲ, ಅದರ ರಷ್ಯಾದ ಜೋಡಿ ಎಸ್-75. ಕ್ಯೂಬಾದ ಮೇಲೆ ಹಾರುತ್ತಿದ್ದ ಅಮೆರಿಕದ ಬೇಹುಗಾರಿಕೆ ವಿಮಾನ ಯು-2 ಬಿತ್ತು, ಪೈಲಟ್ ರುಡಾಲ್ಫ್ ಆಂಡರ್ಸನ್ ಸತ್ತರು. ಆ ಎಸ್-75ನ್ನು ಮುಂದೆ ನಮ್ಮ ವಾಯುಪಡೆಯೂ ಕೊಂಡಿತು.

ಮುಚ್ಚಿದ್ದು ಹೇಗೆ? ನೈಕಿ ಕೆಟ್ಟದ್ದಾಗಿತ್ತು ಅಂತಲ್ಲ. ವೈರಿ ದಾರಿ ಬದಲಿಸಿದ. 1957ರಲ್ಲಿ ರಷ್ಯಾದ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದಾಗಲೇ ವಿಷಯ ಗೊತ್ತಾಗಿತ್ತು. ಬಾಂಬು ವಿಮಾನದಲ್ಲಿ ಬರಬೇಕಾಗಿಲ್ಲ, ಖಂಡ ದಾಟುವ ರಾಕೆಟ್‌ನಲ್ಲಿ ಅರ್ಧ ಗಂಟೆಯಲ್ಲಿ ಬರುತ್ತದೆ. ಅದನ್ನು ಹರ್ಕ್ಯುಲಿಸ್ ತಡೆಯಲಾರದು. 1972ರಲ್ಲಿ ಅಮೆರಿಕ ಮತ್ತು ರಷ್ಯಾ ಅಂಥ ರಾಕೆಟ್ ತಡೆಯುವ ವ್ಯವಸ್ಥೆಗಳಿಗೇ ಮಿತಿ ಹಾಕುವ ಒಪ್ಪಂದ ಮಾಡಿಕೊಂಡವು. ಸೂರೇ ಇಲ್ಲದ ಮನೆಯ ಬಾಗಿಲಿಗೆ ಬೀಗ ಯಾಕೆ ಅನ್ನುವ ಪ್ರಶ್ನೆ ಬಂತು. ವಿಯೆಟ್ನಾಂ ಯುದ್ಧ ಖಜಾನೆ ಖಾಲಿ ಮಾಡಿತ್ತು ಬೇರೆ. 1974ರಲ್ಲಿ ಎಸ್‌ಎಫ್-88 ಸೇರಿ ಹೆಚ್ಚಿನ ನೆಲೆಗಳು ಮುಚ್ಚಿದವು. 1975ರ ಜನವರಿಯಲ್ಲಿ ಆರಾಡ್‌ಕಾಮ್ ಎಂಬ ಪಡೆಯೇ ವಿಸರ್ಜನೆಯಾಯಿತು. ಫ್ಲೋರಿಡಾ, ಅಲಾಸ್ಕಾಗಳಲ್ಲಿ ಕೆಲವು 1979ರವರೆಗೆ ಉಳಿದವು. ಇಟಲಿಯವರಂತೂ ಹರ್ಕ್ಯುಲಿಸ್ ಅನ್ನು 2006ರವರೆಗೆ ಇಟ್ಟುಕೊಂಡಿದ್ದರಂತೆ. ನಮ್ಮಲ್ಲಿ ಅಜ್ಜಿಯ ಕಾಲದ ಒರಳುಕಲ್ಲು ಇಟ್ಟುಕೊಂಡ ಹಾಗೆ.

ನೈಕಿ ವಂಶದ ಕೊನೆಯ ಕುಡಿಯ ಕಥೆ ಇನ್ನೂ ತಮಾಷೆ. ರಾಕೆಟ್ ತಡೆಯಲೆಂದೇ ನಾರ್ತ್ ಡಕೋಟಾದ ನೆಕೋಮಾ ಎಂಬ ಸಣ್ಣ ಊರಲ್ಲಿ ಪಿರಮಿಡ್ ಆಕಾರದ ರಾಡಾರ್ ಕಟ್ಟಡ ಕಟ್ಟಿದರು. 1975ರ ಅಕ್ಟೋಬರ್ 1ರಂದು ಅದು ಕೆಲಸಕ್ಕೆ ಪೂರ್ತಿ ಸಿದ್ಧ ಅಂತ ಘೋಷಿಸಿದರು. ಮಾರನೆಯ ದಿನವೇ ಅಮೆರಿಕದ ಸಂಸತ್ತಿನ ಕೆಳಮನೆ ಅದನ್ನು ಮುಚ್ಚಲು ವೋಟು ಹಾಕಿತು. ಅಪ್ಪ ಇದನ್ನು ಕೇಳಿ ನಕ್ಕಷ್ಟು ಬೇರೆ ಯಾವುದಕ್ಕೂ ನಗಲಿಲ್ಲ. "ಸರ್ಕಾರಿ ಕೆಲಸ ಎಲ್ಲಾ ಕಡೆ ಒಂದೇ ಕಣಮ್ಮ" ಅಂದರು.

ಎಸ್‌ಎಫ್-88ರಿಂದ ಹೊರಟು ಕಡಲ ದಂಡೆಯ ಕಡೆ ಬಂದರೆ, ಅಲ್ಲೇ ಇನ್ನೊಂದು ಹಳೆಯ ನೈಕಿ ನೆಲೆಯಿದೆ, ಎಸ್‌ಎಫ್-87. ಈಗ ಅದು ಗಾಯಗೊಂಡ ಕಡಲಸಿಂಹಗಳ, ಸೀಲ್‌ಗಳ ಆಸ್ಪತ್ರೆ. ಕ್ಷಿಪಣಿ ಇದ್ದ ಜಾಗದಲ್ಲಿ ಪ್ರಾಣಿಗಳು ಮೀನು ತಿಂದುಕೊಂಡು ಬೊಗಳುತ್ತಿದ್ದವು. ಕಯೋಟಿ ಹಿಲ್ಸ್‌ನ ಹಣೆಬರಹವೂ ಅದೇ ಥರ. ಅಲ್ಲಿ ಕ್ಷಿಪಣಿ ಹೋದ ಮೇಲೆ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಕಡಲಸಿಂಹಗಳನ್ನು ಸಾಕಿದ್ದರು. ಅವು ಸದ್ದಿನಿಂದ ದಾರಿ ಕಂಡುಕೊಳ್ಳುತ್ತವೆಯೇ ಅಂತ ಪರೀಕ್ಷೆ ಮಾಡುತ್ತಿದ್ದರು. ರಾಡಾರ್ ಇದ್ದ ಗುಡ್ಡದಲ್ಲಿ ಪ್ರಾಣಿಗಳ ಸೋನಾರ್! ಇದನ್ನು ನಾನು ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅಪ್ಪ ವಾಪಸ್ ಹೋಗುವ ಹಿಂದಿನ ದಿನ ಮತ್ತೆ ಕಯೋಟಿ ಹಿಲ್ಸ್‌ಗೆ ಹೋದೆವು. ಈ ಸಲ ನೈಕಿ ಟ್ರೇಲ್ ಹಿಡಿದೇ ಹತ್ತಿದೆವು. ನೋಡಲು ಹೆಚ್ಚೇನೂ ಉಳಿದಿಲ್ಲ. ಹುಲ್ಲು, ಗಾಳಿ, ದೂರದಲ್ಲಿ ಡಂಬಾರ್ಟನ್ ಸೇತುವೆ. ಅಪ್ಪ ಒಂದು ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ಒಳಗೆ ಸೇರಿದ್ದ ಹುಲ್ಲಿನ ಮುಳ್ಳು ತೆಗೆಯುತ್ತಿದ್ದರು.

"ನೀವು ಮಾಡಿದ ರಾಡಾರ್‌ಗಳು ಯಾವತ್ತಾದ್ರೂ ಕೆಲಸಕ್ಕೆ ಬಂದ್ವಾ ಅಪ್ಪಾ?" ಅಂತ ಕೇಳಿದೆ.

"ದಿನಾ ತಿರುಗ್ತಿದ್ವಲ್ಲ" ಅಂದರು.

ಅಷ್ಟರಲ್ಲಿ ನನ್ನ ಫೋನ್ ಕೂಗಿತು. ಆ ವಾರ ನನ್ನದೇ ಡ್ಯೂಟಿ. ಅಪ್ಪ ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬರೀ ಕಾಲುಚೀಲದಲ್ಲೇ ಎದ್ದು ನಿಂತರು, ಓಡಬೇಕೇನೋ ಅನ್ನುವ ಹಾಗೆ. ತೆಗೆದು ನೋಡಿದೆ. ಯಾವುದೋ ಮೀಟರ್ ಒಂದು ಕ್ಷಣ ಗೆರೆ ದಾಟಿ ತಾನೇ ಸರಿಹೋಗಿತ್ತು.

"ಏನಾಯ್ತು?"

"ಏನಿಲ್ಲಪ್ಪ. ಕೂತ್ಕೊಳ್ಳಿ."

ಅವರು ಕೂತು ಇನ್ನೊಂದು ಶೂ ಹಾಕಿಕೊಂಡರು. ಸ್ಯಾನ್ ಹೋಸೆ ಕಡೆ ಇಳಿಯುತ್ತಿದ್ದ ವಿಮಾನವೊಂದನ್ನು ಕಣ್ಣಿಗೆ ಕೈ ಅಡ್ಡ ಹಿಡಿದು, ಅದು ಕಾಣದಾಗುವ ತನಕ ನೋಡಿದರು.